ಬಡತನ ಹೆಚ್ಚಿರುವ ಕಡೆ ಆ್ಯಂಟಿಬಯೋಟಿಕ್ ಹೆಚ್ಚು ಬರೆಯುತ್ತಾರೆ: ಇದು ರೋಗದ ಲೆಕ್ಕವೋ, ಅಭ್ಯಾಸದ ಲೆಕ್ಕವೋ?

ಪ್ರಶ್ನೆ: ಯಾರ್ಕ್‌ಷೈರ್ ಕನ್ನಡತಿ

ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಇಂಗ್ಲೆಂಡಿನ ಒಂದು ಜಿ.ಪಿ. (ಅಂದರೆ ಸಾಮಾನ್ಯ ವೈದ್ಯರ) ಕ್ಲಿನಿಕ್‌ನಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ. ಈ ದೇಶದ ವ್ಯವಸ್ಥೆಯ ಪರಿಚಯವಿಲ್ಲದವರಿಗಾಗಿ ಒಂದು ಮಾತು: ಇಲ್ಲಿ ಜನರು ಸಾಮಾನ್ಯವಾಗಿ ಮನೆಗೆ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಹೆಸರು ಬರೆಸಿಕೊಂಡಿರುತ್ತಾರೆ, ಜ್ವರ-ಕೆಮ್ಮಿನಿಂದ ಹಿಡಿದು ಸಕ್ಕರೆ ಕಾಯಿಲೆಯವರೆಗೆ ಬಹುತೇಕ ಎಲ್ಲದಕ್ಕೂ ಮೊದಲು ಅಲ್ಲಿಗೇ ಬರುತ್ತಾರೆ, ಮತ್ತು ದೇಶದ ಜನರು ಸೇವಿಸುವ ಆ್ಯಂಟಿಬಯೋಟಿಕ್‌ಗಳಲ್ಲಿ ಬಹುಪಾಲನ್ನು ಬರೆದುಕೊಡುವುದು ಇಂತಹ ಕ್ಲಿನಿಕ್‌ಗಳೇ. ಯಾವ ಕ್ಲಿನಿಕ್ ಯಾವ ತಿಂಗಳಲ್ಲಿ ಯಾವ ಔಷಧವನ್ನು ಎಷ್ಟು ಬರೆಯಿತು ಎಂಬುದು ಇಲ್ಲಿ ಸಾರ್ವಜನಿಕ ದಾಖಲೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ನಡೆಸುವ ಓಪನ್‌ಪ್ರಿಸ್ಕ್ರೈಬಿಂಗ್ ಜಾಲತಾಣದಲ್ಲಿ ಯಾರು ಬೇಕಾದರೂ ಅದನ್ನು ನೋಡಬಹುದು, ಒಂದು ಕ್ಲಿನಿಕ್ಕನ್ನು ಇನ್ನೊಂದರ ಜೊತೆ ಹೋಲಿಸಬಹುದು.

ಆ ಹೋಲಿಕೆಯಲ್ಲಿ ನಮ್ಮ ಕ್ಲಿನಿಕ್ ಯಾವಾಗಲೂ ಹೆಚ್ಚು ಆ್ಯಂಟಿಬಯೋಟಿಕ್ ಬರೆಯುವವರ ಸಾಲಿನಲ್ಲಿರುತ್ತದೆ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಇಂಗ್ಲೆಂಡಿನ ಅತ್ಯಂತ ಬಡ ಪ್ರದೇಶಗಳ ಪಟ್ಟಿಗೆ ಸೇರಿದ ಬಡಾವಣೆಗಳವರು. ಈ ಪಟ್ಟಿಯನ್ನು ಸರ್ಕಾರವೇ ಮಾಡುತ್ತದೆ. 2019ರ ಆವೃತ್ತಿಯಲ್ಲಿ ಇಂಗ್ಲೆಂಡನ್ನು ತಲಾ ಸುಮಾರು 1,500 ಜನರಿರುವ 32,844 ಸಣ್ಣ ಪ್ರದೇಶಗಳಾಗಿ ವಿಂಗಡಿಸಿ, ಆದಾಯ, ಉದ್ಯೋಗ, ಶಿಕ್ಷಣ, ಆರೋಗ್ಯ, ಅಪರಾಧ, ಮನೆ ಹಾಗೂ ಸೇವೆಗಳ ಲಭ್ಯತೆ, ಸುತ್ತಲಿನ ಪರಿಸರ ಎಂಬ ಏಳು ನೆಲೆಗಳಲ್ಲಿ ಅಳೆದು ಕ್ರಮಾಂಕ ಕೊಟ್ಟಿದ್ದಾರೆ. ಇವುಗಳಲ್ಲಿ ಆದಾಯ ಮತ್ತು ಉದ್ಯೋಗಕ್ಕೆ ತಲಾ ಶೇ. 22.5ರಷ್ಟು ತೂಕವಿದೆ.

ನನ್ನ ತೊಡಕು ಇರುವುದು ಅಳತೆಗೋಲಿನಲ್ಲಿ. ಕ್ಲಿನಿಕ್‌ಗಳನ್ನು ಹೋಲಿಸುವಾಗ ಸ್ಟಾರ್-ಪಿಯು ಎಂಬ ಏಕಮಾನವನ್ನು ಬಳಸುತ್ತಾರೆ. ವೃದ್ಧರಿಗೂ ಚಿಕ್ಕ ಮಕ್ಕಳಿಗೂ ಈ ಔಷಧಗಳು ಹೆಚ್ಚು ಬೇಕಾಗುವುದರಿಂದ ಅವರು ಹೆಚ್ಚಿರುವ ಕ್ಲಿನಿಕ್‌ಗೆ ಅನ್ಯಾಯವಾಗದಂತೆ ವಯಸ್ಸು ಮತ್ತು ಲಿಂಗವನ್ನು ಅದು ಸರಿದೂಗಿಸುತ್ತದೆ. ಆದರೆ ಬಡತನವಾಗಲಿ, ಧೂಮಪಾನವಾಗಲಿ, ಶ್ವಾಸಕೋಶದ ದೀರ್ಘಕಾಲದ ಕಾಯಿಲೆಯಾಗಲಿ ಆ ಲೆಕ್ಕದೊಳಗೆ ಬರುವುದಿಲ್ಲ. ನಮ್ಮ ಸಭೆಯಲ್ಲಿ ಈ ಅಂಕಿಗಳನ್ನು ಇಟ್ಟಾಗ ಒಬ್ಬ ವೈದ್ಯರು "ನಮ್ಮ ರೋಗಿಗಳು ನಿಜಕ್ಕೂ ಹೆಚ್ಚು ಕಾಯಿಲೆಯವರು" ಎಂದರು. ಇನ್ನೊಬ್ಬರು "ಬಡತನವನ್ನು ನೆಪ ಮಾಡಿಕೊಂಡರೆ ನಾವು ಎಂದಿಗೂ ತಿದ್ದಿಕೊಳ್ಳುವುದಿಲ್ಲ" ಎಂದರು. ಇಬ್ಬರನ್ನೂ ಗೌರವಿಸುವ ನನಗೆ ಯಾರ ಮಾತನ್ನು ಎಷ್ಟರ ಮಟ್ಟಿಗೆ ಒಪ್ಪಬೇಕೆಂದು ತಿಳಿಯುತ್ತಿಲ್ಲ. ನಮ್ಮ ಹೆಚ್ಚುವರಿ ಚೀಟಿಗಳಲ್ಲಿ ಯಾವುದು ರೋಗದಿಂದ ಬಂದದ್ದು, ಯಾವುದು ಅಭ್ಯಾಸದಿಂದ ಬಂದದ್ದು ಎಂದು ಬೇರ್ಪಡಿಸುವ ದಾರಿ ಇದೆಯೇ? ಕರ್ನಾಟಕದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡಿದವರಿದ್ದರೆ ಅಲ್ಲಿನ ಸ್ಥಿತಿಯನ್ನೂ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ಕಣಿವೆಯ ಜಿ.ಪಿ.

ನಾನು ದಕ್ಷಿಣ ವೇಲ್ಸ್‌ನಲ್ಲಿ, ಕಲ್ಲಿದ್ದಲು ಗಣಿಗಳು ಮುಚ್ಚಿಹೋದ ಒಂದು ಕಣಿವೆಯಲ್ಲಿ ವೈದ್ಯನಾಗಿದ್ದೇನೆ. ಇದೇ ಸೀಮೆಯ ಗ್ಲಿನ್‌ಕೊರುಗ್ ಎಂಬ ಗಣಿಹಳ್ಳಿಯಲ್ಲಿ ದಶಕಗಳ ಕಾಲ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ಅವರು 1971ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಲೇಖನವೊಂದರಲ್ಲಿ, ಒಳ್ಳೆಯ ವೈದ್ಯಕೀಯ ಆರೈಕೆ ಎಲ್ಲಿ ಹೆಚ್ಚು ಬೇಕೋ ಅಲ್ಲಿಯೇ ಅದು ಕಡಿಮೆ ಸಿಗುತ್ತದೆ ಎಂದು ತೋರಿಸಿದರು. ನಿಮ್ಮ ಪ್ರಶ್ನೆಯನ್ನು ಈ ಮಾತಿನಿಂದಲೇ ಆರಂಭಿಸಬೇಕು ಎಂದು ನನಗನ್ನಿಸುತ್ತದೆ, ಏಕೆಂದರೆ ಚೀಟಿ ಬರೆಯುವ ಕೈ ವೈದ್ಯನದಾದರೂ ಆ ಚೀಟಿಗೆ ಕಾರಣವಾದ ಸಂಗತಿಗಳಲ್ಲಿ ಬಹಳಷ್ಟು ಅವನ ಕೋಣೆಯ ಹೊರಗಿರುತ್ತವೆ.

ಒಂದು ಸಾಮಾನ್ಯ ಭೇಟಿಯನ್ನು ಗಮನಿಸಿ. ನಾಲ್ಕು ವರ್ಷದ ಮಗುವಿಗೆ ವಾರದಿಂದ ಕೆಮ್ಮು, ರಾತ್ರಿ ಜ್ವರ. ಎದೆಗೆ ಸ್ಟೆತೊಸ್ಕೋಪ್ ಇಟ್ಟರೆ ಸ್ವಲ್ಪ ಗೊರಗೊರ ಸದ್ದು ಕೇಳಿಸುತ್ತದೆ, ಉಸಿರಾಟದ ವೇಗ ಮೇಲಿನ ಮಿತಿಗೆ ಹತ್ತಿರವಿದೆ, ಆದರೆ ಮಗು ಆಟವಾಡುತ್ತಿದೆ. ಪುಸ್ತಕದ ಪ್ರಕಾರ ಇದು ವೈರಸ್ ಸೋಂಕು, ಇದಕ್ಕೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ತಾಯಿಗೆ ಎಚ್ಚರಿಕೆಯ ಲಕ್ಷಣಗಳನ್ನು ತಿಳಿಸಿ, ಹೆಚ್ಚಾದರೆ ಮತ್ತೆ ಬರಲು ಹೇಳಿ ಕಳುಹಿಸಬೇಕು. ಆ ತಾಯಿ ಗಂಟೆ ಲೆಕ್ಕದಲ್ಲಿ ದುಡಿಯುವವಳು. ಇಂದಿನ ಭೇಟಿಗಾಗಿ ಬೆಳಿಗ್ಗೆ ಎಂಟು ಗಂಟೆಯಿಂದ ಫೋನ್ ಹಿಡಿದು ಕಾದಿದ್ದಾಳೆ, ಎರಡು ದಿನ ಬಿಟ್ಟು ಮತ್ತೆ ಬರುವುದೆಂದರೆ ಇನ್ನೊಂದು ದಿನದ ಸಂಬಳ ಹೋದಂತೆ. ಕಾರಿಲ್ಲ, ಬಸ್ಸು ಗಂಟೆಗೊಂದು. ನನ್ನ ಬಳಿ ಇರುವುದು ಹತ್ತು ನಿಮಿಷ. ಕಾದು ನೋಡುವುದು ಸುರಕ್ಷಿತವಾಗಬೇಕಾದರೆ ರೋಗಿ ಮರಳಿ ಬರಬಲ್ಲರು ಎಂಬ ಭರವಸೆ ಇರಬೇಕು, ಮತ್ತು ಆ ಭರವಸೆ ಸಿರಿವಂತ ಬಡಾವಣೆಯ ವೈದ್ಯನಿಗೆ ಇರುವಷ್ಟು ನನಗಿಲ್ಲ. ಅಮಾಕ್ಸಿಸಿಲಿನ್ ಎಂಬ ಸಾಮಾನ್ಯ ಆ್ಯಂಟಿಬಯೋಟಿಕ್‌ನ ಚೀಟಿ ಹೊರಬೀಳುವುದು ಹೆಚ್ಚಾಗಿ ಇಂತಹ ಗಳಿಗೆಯಲ್ಲಿ.

ಇನ್ನು ಮನೆಗಳ ವಿಷಯ. ಗೋಡೆಯ ತೇವ ಮತ್ತು ಬೂಷ್ಟಿನಿಂದ ಮಕ್ಕಳಿಗೆ ಕೆಮ್ಮು ಮತ್ತು ಉಬ್ಬಸ ಬಿಡದೆ ಕಾಡುತ್ತವೆ. ಅದು ಬ್ಯಾಕ್ಟೀರಿಯಾ ಸೋಂಕಲ್ಲ, ಆದರೆ ಆತುರದ ಭೇಟಿಯಲ್ಲಿ ಸೋಂಕಿನಂತೆಯೇ ಕಾಣುತ್ತದೆ. ರಾಚ್‌ಡೇಲ್ ಪಟ್ಟಣದಲ್ಲಿ ಅವಾಬ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ, ಬಾಡಿಗೆ ಮನೆಯ ಬೂಷ್ಟಿನ ನಡುವೆ ಬಹುಕಾಲ ಇದ್ದುದೇ ಶ್ವಾಸಕೋಶದ ತೊಂದರೆಗೂ ಸಾವಿಗೂ ಕಾರಣ ಎಂದು 2022ರ ನ್ಯಾಯಿಕ ವಿಚಾರಣೆ ತೀರ್ಮಾನಿಸಿತು. ಆ ಮಗುವಿನ ಹೆಸರಿನಲ್ಲಿ ಬಂದ ಕಾನೂನಿನ ಮೊದಲ ಹಂತ ಇಂಗ್ಲೆಂಡಿನ ಸಾಮಾಜಿಕ ವಸತಿಗಳಿಗೆ (ಕಡಿಮೆ ಬಾಡಿಗೆಯ ಸಾರ್ವಜನಿಕ ಮನೆಗಳಿಗೆ) 2025ರ ಅಕ್ಟೋಬರ್‌ನಿಂದ ಅನ್ವಯವಾಗಿದೆ. ನಾನು ಎಷ್ಟು ಸಲ ಚೀಟಿ ಬರೆದರೂ ಆ ಗೋಡೆ ಒಣಗುವುದಿಲ್ಲ. ಮನೆಯ ಮಾಲೀಕರಿಗೆ ಬರೆಯುವ ಒಂದು ಗಟ್ಟಿಯಾದ ಪತ್ರ ಅದಕ್ಕಿಂತ ಒಳ್ಳೆಯ ಚಿಕಿತ್ಸೆ ಎಂದು ನಾನು ಮನಃಪೂರ್ವಕವಾಗಿ ನಂಬುತ್ತೇನೆ.

ಧೂಮಪಾನದಿಂದ ಬಂದ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶ ಕಾಯಿಲೆಯವರು ನಮ್ಮಲ್ಲಿ ಹೆಚ್ಚು. ಅವರಲ್ಲಿ ಕೆಲವರಿಗೆ ಉಸಿರಾಟ ಬಿಗಡಾಯಿಸಿದ ತಕ್ಷಣ ಆರಂಭಿಸಲೆಂದು ಆ್ಯಂಟಿಬಯೋಟಿಕ್ ಮತ್ತು ಸ್ಟೀರಾಯ್ಡ್ ಮಾತ್ರೆಗಳನ್ನು ಮೊದಲೇ ಮನೆಯಲ್ಲಿ ಇರಿಸಲು ಕೊಟ್ಟಿರುತ್ತೇವೆ. ಹಲ್ಲಿನ ಬಾವಿನವರೂ ನಮ್ಮ ಬಾಗಿಲಿಗೇ ಬರುತ್ತಾರೆ, ಏಕೆಂದರೆ ಸರ್ಕಾರಿ ದರದ ದಂತವೈದ್ಯರು ಸಿಗುವುದು ದುರ್ಲಭವಾಗಿದೆ. ಹಲ್ಲು ಕೀಳಿಸಬೇಕಾದ ಅಥವಾ ಬೇರಿನ ಚಿಕಿತ್ಸೆ ಮಾಡಿಸಬೇಕಾದ ನೋವಿಗೆ ಮಾತ್ರೆ ಬರೆಯುವುದು ತಪ್ಪೆಂದು ಗೊತ್ತಿದ್ದೂ, ಮುಖ ಊದಿಕೊಂಡವರನ್ನು ಬರಿಗೈಯಲ್ಲಿ ಕಳುಹಿಸಲಾಗುವುದಿಲ್ಲ. ಇವೆಲ್ಲವೂ ನಿಮ್ಮ ತಿಂಗಳ ಅಂಕಿಯೊಳಗೆ ಸೇರಿವೆ.

ಉತ್ತರ 2: ಅಂಕಿಅಂಶ

ನಾನು ಔಷಧ ಬಳಕೆಯ ಅಂಕಿಅಂಶಗಳ ಮೇಲೆ ಕೆಲಸ ಮಾಡುವವನು. ಡಾಕ್ಟರರು ಹೇಳಿದ್ದನ್ನೆಲ್ಲ ಒಪ್ಪಿಯೂ ನಿಮ್ಮ ಎರಡನೆಯ ಸಹೋದ್ಯೋಗಿಯ ಪರವಾಗಿ ಕೆಲವು ಮಾತು ಹೇಳಬೇಕಾಗಿದೆ.

ಬಡ ಪ್ರದೇಶಗಳಲ್ಲಿ ಹೆಚ್ಚು ಬರೆಯುತ್ತಾರೆ ಎಂಬುದು ಇಂಗ್ಲೆಂಡಿನ ಅಂಕಿಗಳಲ್ಲಿ ಮತ್ತೆ ಮತ್ತೆ ಕಂಡಿರುವ ಸತ್ಯ. ಆದರೆ ಒಂದೇ ಮಟ್ಟದ ಬಡತನವಿರುವ ಕ್ಲಿನಿಕ್‌ಗಳನ್ನು ಮಾತ್ರ ಆರಿಸಿ ಪಕ್ಕಪಕ್ಕದಲ್ಲಿಟ್ಟರೆ ಅವುಗಳ ನಡುವೆಯೂ ದೊಡ್ಡ ಅಂತರ ಉಳಿಯುತ್ತದೆ, ಮತ್ತು ಆ ಅಂತರವನ್ನು ಬಡತನದಿಂದ ವಿವರಿಸಲಾಗದು. 2018ರಲ್ಲಿ ಪ್ರಕಟವಾದ ಅಧ್ಯಯನಗಳ ಆಧಾರದ ಮೇಲೆ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು ಜಿ.ಪಿ. ಕ್ಲಿನಿಕ್‌ಗಳ ಆ್ಯಂಟಿಬಯೋಟಿಕ್ ಚೀಟಿಗಳಲ್ಲಿ ಕನಿಷ್ಠ ಶೇ. 20ರಷ್ಟು ಅನಗತ್ಯ ಎಂದು ಹೇಳಿತು. ಅವುಗಳಲ್ಲಿ ಹೆಚ್ಚಿನವು ಗಂಟಲು ನೋವು, ಕೆಮ್ಮು, ಸೈನಸ್, ಕಿವಿನೋವಿನಂತಹ, ಬಹುಪಾಲು ತಾವಾಗಿಯೇ ಗುಣವಾಗುವ ತೊಂದರೆಗಳಿಗೆ ಬರೆದವು.

ಅಭ್ಯಾಸದ ಪಾತ್ರ ಎಷ್ಟು ಎಂಬುದಕ್ಕೆ ನನಗೆ ಅತ್ಯಂತ ಮನವರಿಕೆಯಾದ ಸಾಕ್ಷ್ಯ ಒಂದು ಪತ್ರದ ಪ್ರಯೋಗ. ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿಯಾಗಿದ್ದ ಸ್ಯಾಲಿ ಡೇವಿಸ್ ಅವರ ಹೆಸರಿನಲ್ಲಿ, ತಮ್ಮ ಪ್ರದೇಶದಲ್ಲಿ ಅತಿ ಹೆಚ್ಚು ಆ್ಯಂಟಿಬಯೋಟಿಕ್ ಬರೆಯುವ ಶೇ. 20ರಷ್ಟು ಕ್ಲಿನಿಕ್‌ಗಳಲ್ಲಿ ಕೆಲವಕ್ಕೆ, "ನಿಮ್ಮ ಸುತ್ತಲಿನ ಶೇ. 80ರಷ್ಟು ಕ್ಲಿನಿಕ್‌ಗಳು ನಿಮಗಿಂತ ಕಡಿಮೆ ಬರೆಯುತ್ತವೆ" ಎಂಬರ್ಥದ ಪತ್ರ ಕಳುಹಿಸಿದರು. ಪತ್ರ ಸಿಗದ ಕ್ಲಿನಿಕ್‌ಗಳಿಗೆ ಹೋಲಿಸಿದರೆ ಸಿಕ್ಕಿದವರಲ್ಲಿ ಚೀಟಿಗಳು ಶೇ. 3.3ರಷ್ಟು ಇಳಿದವು ಎಂದು 2016ರಲ್ಲಿ ಲ್ಯಾನ್ಸೆಟ್‌ನಲ್ಲಿ ವರದಿಯಾಯಿತು. ಅಂಚೆಯಲ್ಲಿ ಒಂದು ಕಾಗದ ಬಂದ ಮಾತ್ರಕ್ಕೆ ಆ ಊರಿನ ಮನೆಗಳು ಒಣಗಲಿಲ್ಲ, ಸಿಗರೇಟು ಕಡಿಮೆಯಾಗಲಿಲ್ಲ, ಯಾರ ಸಂಬಳವೂ ಏರಲಿಲ್ಲ. ಹಾಗಾದರೆ ಇಳಿದ ಆ ಭಾಗವಾದರೂ ವೈದ್ಯರ ರೂಢಿಗೆ ಸೇರಿದ್ದು ಎಂದು ಒಪ್ಪಲೇಬೇಕು.

ಬೇರ್ಪಡಿಸುವ ದಾರಿ ಇದೆಯೇ ಎಂದು ಕೇಳಿದ್ದೀರಿ. ಒಟ್ಟು ಸಂಖ್ಯೆಯನ್ನು ಬಿಟ್ಟು, ಬಡತನ ಮುಟ್ಟಲಾಗದ ಅಂಕಿಗಳನ್ನು ಮೊದಲು ನೋಡಿ. ಬಡತನದಿಂದ ಸೋಂಕುಗಳ ಸಂಖ್ಯೆ ಹೆಚ್ಚಬಹುದು. ಆದರೆ ಐದು ದಿನ ಸಾಕೆಂದು ಮಾರ್ಗಸೂಚಿ ಹೇಳುವಲ್ಲಿ ಏಳು ದಿನ ಬರೆಯುವುದಕ್ಕೆ ಬಡತನ ಕಾರಣವಾಗಲಾರದು. ಅಮಾಕ್ಸಿಸಿಲಿನ್ ಸಾಕಾಗುವ ಕಡೆ ಕೋ-ಅಮಾಕ್ಸಿಕ್ಲಾವ್, ಸೆಫಲೋಸ್ಪೊರಿನ್ ಅಥವಾ ಕ್ವಿನೊಲೋನ್‌ನಂತಹ, ಹಲವು ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವಿಶಾಲ ವ್ಯಾಪ್ತಿಯ ಔಷಧಗಳನ್ನು ಬರೆಯುವುದಕ್ಕೂ ಅಷ್ಟೆ. ನಿಮ್ಮ ಕ್ಲಿನಿಕ್ ಈ ಎರಡರಲ್ಲಿ ಉಳಿದವರಂತೆಯೇ ಇದ್ದು ಒಟ್ಟು ಸಂಖ್ಯೆಯಲ್ಲಿ ಮಾತ್ರ ಮೇಲಿದ್ದರೆ ರೋಗದ ಹೊರೆಯ ವಾದಕ್ಕೆ ಬಲ ಬರುತ್ತದೆ. ಇವೆರಡರಲ್ಲೂ ಮೇಲಿದ್ದರೆ ಮೊದಲು ಕೋಣೆಯೊಳಗೆ ನೋಡಿಕೊಳ್ಳಬೇಕಾಗುತ್ತದೆ.

ಎರಡು ಎಚ್ಚರಿಕೆಗಳು. ಬ್ರಿಟನ್ನಿನ ಕ್ಲಿನಿಕ್‌ಗಳ ದಾಖಲೆಗಳಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಆ್ಯಂಟಿಬಯೋಟಿಕ್ ಚೀಟಿಗಳಿಗೆ ಯಾವ ಕಾಯಿಲೆಗಾಗಿ ಬರೆದದ್ದೆಂಬ ಸಂಕೇತವೇ ಸರಿಯಾಗಿ ದಾಖಲಾಗಿರಲಿಲ್ಲ ಎಂದು 2013ರಿಂದ 2015ರವರೆಗಿನ ದಾಖಲೆಗಳನ್ನು ಪರಿಶೀಲಿಸಿದವರು ಕಂಡುಕೊಂಡಿದ್ದಾರೆ. ಅದನ್ನು ಸರಿಪಡಿಸದೆ ಯಾವ ವಾದವನ್ನೂ ಗೆಲ್ಲಲಾಗದು. ಮತ್ತೊಂದು, 2024ರ ಜನವರಿ 31ರಂದು ಆರಂಭವಾದ ಫಾರ್ಮಸಿ ಫಸ್ಟ್ ಯೋಜನೆಯಡಿ ಗಂಟಲು ನೋವು, ಮಹಿಳೆಯರ ಸಾಮಾನ್ಯ ಮೂತ್ರದ ಸೋಂಕು ಸೇರಿದಂತೆ ಏಳು ತೊಂದರೆಗಳಿಗೆ ಇಂಗ್ಲೆಂಡಿನ ಔಷಧ ಅಂಗಡಿಗಳೇ ಅಗತ್ಯವಿದ್ದರೆ ಚಿಕಿತ್ಸೆ ಕೊಡಬಹುದು. ಆ ಔಷಧಗಳು ಕ್ಲಿನಿಕ್‌ನ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಆಮೇಲಿನ ತಿಂಗಳುಗಳ ಇಳಿಕೆಯನ್ನು ಕಂಡು ಆತುರದಿಂದ ಸಂತೋಷಪಡಬೇಡಿ.

ಉತ್ತರ 3: ಕಲ್ಯಾಣ ಕರ್ನಾಟಕದ ವೈದ್ಯಾಧಿಕಾರಿ

ಕರ್ನಾಟಕದ ಸ್ಥಿತಿಯನ್ನು ಕೇಳಿದ್ದೀರಿ. ನಮ್ಮಲ್ಲಿಯೂ ಹಿಂದುಳಿದಿರುವಿಕೆಯನ್ನು ಅಳೆದ ಒಂದು ದೊಡ್ಡ ಕೆಲಸ ನಡೆದಿದೆ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ 35 ಸೂಚಕಗಳನ್ನು ಬಳಸಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದೂ ಗುರುತಿಸಿತು; ಆ 39ರಲ್ಲಿ ಅರ್ಧಕ್ಕಿಂತ ಹೆಚ್ಚು ಕಲಬುರಗಿ ವಿಭಾಗದವು. ಆದರೆ ಒಂದು ತಾಲ್ಲೂಕೆಂದರೆ ಲಕ್ಷಾಂತರ ಜನ. ಅದರೊಳಗಿನ ತಾಂಡಾಕ್ಕೂ ತಾಲ್ಲೂಕು ಕೇಂದ್ರದ ಮುಖ್ಯ ಬೀದಿಗೂ ಒಂದೇ ದರ್ಜೆ ಕೊಟ್ಟರೆ ಆರೋಗ್ಯದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಇನ್ನೂ ಮುಖ್ಯವಾದದ್ದು, ಹೋಲಿಸಲು ಬೇಕಾದ ಲೆಕ್ಕವೇ ನಮ್ಮಲ್ಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹೋದ ಮಾತ್ರೆಗಳಿಗೆ ದಾಸ್ತಾನು ಪುಸ್ತಕವಿದೆ. ಆದರೆ ದೇಶದಲ್ಲಿ ಬಳಕೆಯಾಗುವ ಆ್ಯಂಟಿಬಯೋಟಿಕ್‌ಗಳ ಬಹುಭಾಗ ಖಾಸಗಿಯಾಗಿ, ಮೆಡಿಕಲ್ ಶಾಪ್‌ಗಳ ಮೂಲಕ ಹೋಗುತ್ತದೆ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ, ಔಷಧ ನಿಯಮಗಳ ಎಚ್1 ಅನುಸೂಚಿಯ ಪ್ರಕಾರ ಸೆಫಿಕ್ಸಿಮ್‌ನಂತಹ ಆ್ಯಂಟಿಬಯೋಟಿಕ್‌ಗಳನ್ನು ಮಾರುವಾಗ ವೈದ್ಯರ ಮತ್ತು ರೋಗಿಯ ಹೆಸರು, ಔಷಧದ ಹೆಸರು, ಪ್ರಮಾಣ ಇವನ್ನು ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಕಾಯ್ದಿರಿಸಬೇಕು. ಆ ರಿಜಿಸ್ಟರ್ ಅಂಗಡಿಯ ಕಪಾಟಿನಲ್ಲಿರುತ್ತದೆ. ಯಾವ ಹಳ್ಳಿಯವರು ಎಷ್ಟು ತೆಗೆದುಕೊಂಡರು ಎಂಬ ಲೆಕ್ಕವಾಗಿ ನಮ್ಮಂತಹವರ ಮೇಜಿಗೆ ಬರುವುದಿಲ್ಲ.

ಇಲ್ಲಿಯ ಬಡತನ ಚೀಟಿಯನ್ನು ಎರಡು ದಿಕ್ಕಿಗೆ ಎಳೆಯುತ್ತದೆ. ತೊಗರಿ ಕಟಾವಿನ ದಿನಗಳಲ್ಲಿ ಜ್ವರ ಬಂದವರು ನನ್ನೆದುರು ಕುಳಿತು, "ಸಾಹೇಬ್ರ, ಒಂದು ಸೂಜಿ ಮಾಡ್ರಿ, ನಾಳಿಗೆ ಕೆಲಸಕ್ಕ ಹೋಗಬೇಕ್ರಿ" ಎನ್ನುತ್ತಾರೆ. ಅದು ಮೊಂಡುತನವಲ್ಲ, ಮೂರು ದಿನ ಮಲಗಿದರೆ ಮೂರು ದಿನದ ಕೂಲಿ ಹೋಗುತ್ತದೆ, ಆ ನಷ್ಟದ ಮುಂದೆ ಸೂಜಿಯ ಖರ್ಚು ಸಣ್ಣದು. ನಾನು ಸೂಜಿ ಬೇಡವೆಂದರೆ ಅವರು ಊರಿನ ಆರ್‌ಎಂಪಿ (ವೈದ್ಯಕೀಯ ಪದವಿಯಿಲ್ಲದ ಹಳ್ಳಿ ಡಾಕ್ಟರ್) ಬಳಿ ಹೋಗುತ್ತಾರೆ, ಅಲ್ಲಿ ಸೂಜಿಯೂ ಸಿಗುತ್ತದೆ, ಜೊತೆಗೆ ಬಣ್ಣಬಣ್ಣದ ನಾಲ್ಕು ಮಾತ್ರೆಗಳೂ ಸಿಗುತ್ತವೆ. ಇನ್ನೊಂದೆಡೆ, ನಿಜವಾಗಿಯೂ ನ್ಯುಮೋನಿಯಾ ಆದ ಮಗುವಿಗೆ ಐದು ದಿನದ ಔಷಧ ಬರೆದರೆ, ಕೇಂದ್ರದಲ್ಲಿ ದಾಸ್ತಾನು ಮುಗಿದಿರುವಾಗ ಮನೆಯವರು ಹೊರಗಿನ ಅಂಗಡಿಯಲ್ಲಿ ಕೈಯಲ್ಲಿದ್ದ ದುಡ್ಡಿಗೆ ತಕ್ಕಷ್ಟೇ ಕೊಂಡು, ಮಗು ಚೇತರಿಸಿಕೊಂಡಂತೆ ಕಂಡ ಕೂಡಲೇ ನಿಲ್ಲಿಸುತ್ತಾರೆ. ಬೇಡದವರಿಗೆ ಹೆಚ್ಚು, ಬೇಕಾದವರಿಗೆ ಅರ್ಧ. ಒಂದೇ ಕುಟುಂಬದಲ್ಲಿ ಒಂದೇ ವರ್ಷ ಇವೆರಡೂ ಆಗುವುದನ್ನು ನಾನು ಕಂಡಿದ್ದೇನೆ.

ಮಳೆಗಾಲದ ವಾಂತಿಭೇದಿಯನ್ನೇ ತೆಗೆದುಕೊಳ್ಳಿ. ನೀರಿನಂತಹ ಭೇದಿಯಾಗುವ ಹೆಚ್ಚಿನ ಮಕ್ಕಳಿಗೆ ಬೇಕಾದದ್ದು ಓಆರ್‌ಎಸ್ ಪೊಟ್ಟಣ ಮತ್ತು ಹದಿನಾಲ್ಕು ದಿನದ ಜಿಂಕ್ ಮಾತ್ರೆ, ಅವು ಆಶಾ ಕಾರ್ಯಕರ್ತೆಯ ಚೀಲದಲ್ಲೇ ಇರುತ್ತವೆ. ಆದರೂ ಅಂಗಡಿಯಲ್ಲಿ ಭೇದಿ ಎಂದೊಡನೆ ಆ್ಯಂಟಿಬಯೋಟಿಕ್ ಸೇರಿದಂತೆ ಎರಡು ಔಷಧ ಬೆರೆಸಿದ ಸಿರಪ್ ಕೈಗೆ ಬರುತ್ತದೆ. ಕುಡಿಯುವ ನೀರಿನ ಪೈಪು ಚರಂಡಿಯೊಳಗಿಂದ ಹಾದುಹೋಗಿರುವ ಓಣಿಯಲ್ಲಿ ಆ ಸಿರಪ್ಪನ್ನು ನಿಷೇಧಿಸಿದರೂ ಭೇದಿ ನಿಲ್ಲುವುದಿಲ್ಲ. ಅನೇಕ ದೇಶಗಳ ಅಂಕಿಗಳನ್ನು ಹೋಲಿಸಿ 2018ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವು, ಔಷಧ ಬಳಕೆಯ ಪ್ರಮಾಣಕ್ಕಿಂತ ಮೂಲಸೌಕರ್ಯ ಮತ್ತು ಆಡಳಿತದ ಗುಣಮಟ್ಟವೇ ಔಷಧನಿರೋಧಕ (ಆ್ಯಂಟಿಬಯೋಟಿಕ್‌ಗೆ ಜಗ್ಗದ) ಬ್ಯಾಕ್ಟೀರಿಯಾಗಳ ಹರಡುವಿಕೆಯೊಂದಿಗೆ ಹೆಚ್ಚು ಗಟ್ಟಿಯಾದ ಸಂಬಂಧ ಹೊಂದಿದೆ ಎಂದು ಕಂಡುಕೊಂಡಿತು. ಇದನ್ನು ಚೀಟಿಗೆ ಕಡಿವಾಣ ಬೇಡ ಎಂಬ ಅರ್ಥದಲ್ಲಿ ನಾನು ಹೇಳುತ್ತಿಲ್ಲ. ಶೌಚಾಲಯ ಮತ್ತು ನೀರಿನ ಪೈಪಿನ ಕೆಲಸವನ್ನು ಪಂಚಾಯಿತಿಯ ಪಾಲಿಗೆ ಬಿಟ್ಟು ಔಷಧನಿರೋಧವನ್ನು ವೈದ್ಯರ ಪಾಲಿಗೆ ಮಾತ್ರ ಬರೆದಿಡುವುದು ಸರಿಯಲ್ಲ ಎಂಬುದಷ್ಟೇ ನನ್ನ ಮಾತು.

ಮರುಮಾತು: ಯಾರ್ಕ್‌ಷೈರ್ ಕನ್ನಡತಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದ. ನಮ್ಮ ಅಂಕಿಗಳನ್ನು ತೆರೆದು ನೋಡಿದೆ. ವಿಶಾಲ ವ್ಯಾಪ್ತಿಯ ಔಷಧಗಳ ಪಾಲಿನಲ್ಲಿ ನಾವು ಉಳಿದವರಂತೆಯೇ ಇದ್ದೇವೆ. ಆದರೆ ಅಮಾಕ್ಸಿಸಿಲಿನ್‌ನ ಏಳು ದಿನದ ಚೀಟಿಗಳು ನಮ್ಮಲ್ಲಿ ಎದ್ದು ಕಾಣುವಷ್ಟು ಹೆಚ್ಚಿವೆ. ಅಂದರೆ ನನ್ನ ಇಬ್ಬರು ಸಹೋದ್ಯೋಗಿಗಳೂ ತಮ್ಮ ತಮ್ಮ ಭಾಗದಲ್ಲಿ ಸರಿ ಎಂದು ಮುಂದಿನ ಸಭೆಯಲ್ಲಿ ಧೈರ್ಯವಾಗಿ ಹೇಳಬಲ್ಲೆ. ಏಳನ್ನು ಐದಕ್ಕೆ ಇಳಿಸಲು ಯಾವ ರೋಗಿಯ ಆದಾಯವೂ ಬದಲಾಗಬೇಕಾಗಿಲ್ಲ. ಅದನ್ನು ನಾವು ಇದೇ ತಿಂಗಳು ಆರಂಭಿಸಬಹುದು. ಹೋಲಿಕೆಯನ್ನು ಇಡೀ ಜಿಲ್ಲೆಯ ಬದಲು ನಮ್ಮಷ್ಟೇ ಬಡತನವಿರುವ ಕ್ಲಿನಿಕ್‌ಗಳ ಜೊತೆ ಮಾಡಿ ತೋರಿಸುತ್ತೇನೆ.

ಕಣಿವೆಯ ಡಾಕ್ಟರರಿಗೆ ಒಂದು ವಿಷಯ ಹೇಳಬೇಕು. ಇಲ್ಲಿ ಮಕ್ಕಳಿಗೂ ಕಡಿಮೆ ಆದಾಯದ ಹಲವರಿಗೂ ಚೀಟಿಯ ಔಷಧ ಉಚಿತ. ಆದರೆ ಪ್ಯಾರಸಿಟಮಾಲ್‌ನಂತಹ, ಅಂಗಡಿಯಲ್ಲಿ ನೇರವಾಗಿ ಸಿಗುವ ಔಷಧಗಳನ್ನು ಸಣ್ಣಪುಟ್ಟ ಕಾಯಿಲೆಗಳಿಗೆ ಸಾಮಾನ್ಯವಾಗಿ ಬರೆಯಬಾರದೆಂಬ ಸೂಚನೆ 2018ರಿಂದ ಇದೆ. ಹೀಗಾಗಿ ಬೇಡದ ಅಮಾಕ್ಸಿಸಿಲಿನ್ ಪುಕ್ಕಟೆಯಾಗಿ ಸಿಗುತ್ತದೆ, ಮಗುವಿನ ಜ್ವರ ಇಳಿಸುವ ಸಿರಪ್ಪಿಗೆ ತಾಯಿ ದುಡ್ಡು ಕೊಡಬೇಕಾಗುತ್ತದೆ. ತೀವ್ರ ಸಾಮಾಜಿಕ ಸಂಕಷ್ಟದಿಂದ ತಮ್ಮ ಆರೈಕೆ ತಾವೇ ಮಾಡಿಕೊಳ್ಳಲಾಗದವರಿಗೆ ಆ ಸೂಚನೆಯನ್ನು ಸಡಿಲಿಸಲು ವೈದ್ಯರಿಗೆ ಅವಕಾಶವಿದೆ. ನಮ್ಮಲ್ಲಿ ಅದನ್ನು ಬಳಸುತ್ತಿರಲಿಲ್ಲ, ಇನ್ನು ಮುಂದೆ ಬಳಸಬೇಕೆಂದು ಕೇಳಲಿದ್ದೇನೆ.

ಕೊನೆಯದಾಗಿ ಒಂದು ಪ್ರಶ್ನೆ: ಎರಡು ದಿನ ಕಾದು, ಕಡಿಮೆಯಾಗದಿದ್ದರೆ ಮಾತ್ರ ಔಷಧ ತೆಗೆದುಕೊಳ್ಳಿ ಎಂದು ಮುಂದಿನ ದಿನಾಂಕ ಹಾಕಿ ಕೊಡುವ ಚೀಟಿಗಳು ನಿಮ್ಮಲ್ಲಿ ಕೆಲಸ ಮಾಡಿವೆಯೇ? ಮರಳಿ ಬರಲಾಗದ ತಾಯಂದಿರಿಗೆ ಅದೇ ಸೂಕ್ತ ಎಂದು ನನಗನ್ನಿಸುತ್ತದೆ.

ಉತ್ತರ 4: ಕಣಿವೆಯ ಜಿ.ಪಿ.

ಕೆಲಸ ಮಾಡಿವೆ, ಆದರೆ ಕೇವಲ ಚೀಟಿ ಕೊಟ್ಟರೆ ಸಾಲದು. ಸಾಮಾನ್ಯ ಕೆಮ್ಮು ಮೂರು ವಾರದವರೆಗೂ ಇರಬಹುದು ಎಂದು ಮೊದಲೇ ತಿಳಿಸದಿದ್ದರೆ ಮೂರನೆಯ ದಿನವೇ ಎಲ್ಲರೂ ಔಷಧ ತೆಗೆದುಕೊಳ್ಳುತ್ತಾರೆ. ಯಾವ ಲಕ್ಷಣ ಕಂಡರೆ ಕಾಯದೆ ಫೋನ್ ಮಾಡಬೇಕು ಎಂಬುದನ್ನು ಅವರ ಭಾಷೆಯಲ್ಲಿ ಬರೆದುಕೊಡಿ, ಮತ್ತು ಆ ಫೋನನ್ನು ಎಂಟು ಗಂಟೆಯ ಸಾಲಿಗೆ ಹಾಕದೆ ನೇರವಾಗಿ ಸ್ವೀಕರಿಸುವಂತೆ ಸ್ವಾಗತಕಾರರಿಗೆ ಸೂಚಿಸಿ. ಹೀಗೆ ಮಾಡಿದರೆ ಹಲವರು ಔಷಧ ಪಡೆಯಲು ಅಂಗಡಿಗೆ ಹೋಗುವುದೇ ಇಲ್ಲ.

ಅಂಕಿಗಳ ವಿಷಯದಲ್ಲಿ ಇದು ನಿಮಗೆ ಮುಖ್ಯ: ಸಾರ್ವಜನಿಕವಾಗಿ ಪ್ರಕಟವಾಗುವ ಲೆಕ್ಕದಲ್ಲಿ ಅಂಗಡಿಯಿಂದ ಪಡೆದ ಔಷಧಗಳು ಮಾತ್ರ ಇರುತ್ತವೆ, ಪಡೆಯದೆ ಉಳಿದ ಚೀಟಿಗಳು ಇರುವುದಿಲ್ಲ. ನಿಮ್ಮ ಕ್ಲಿನಿಕ್‌ನ ಕಂಪ್ಯೂಟರಿನಲ್ಲಿ ಎಲ್ಲ ಚೀಟಿಗಳೂ ಇರುತ್ತವೆ. ಮುಂದಿನ ದಿನಾಂಕದ ಚೀಟಿಗಳಿಗೆ ಪ್ರತ್ಯೇಕ ಸಂಕೇತ ಹಾಕಿ, ಎರಡೂ ಲೆಕ್ಕಗಳನ್ನು ತಿಂಗಳಿಗೊಮ್ಮೆ ಜೊತೆಯಲ್ಲಿಟ್ಟು ನೋಡಿ. ಎಷ್ಟು ಕುಟುಂಬಗಳು ಔಷಧವಿಲ್ಲದೆಯೇ ಗುಣವಾದವು ಎಂಬುದರ ಒಂದು ಅಂದಾಜು ಅಲ್ಲಿ ಸಿಗುತ್ತದೆ.